ರಾಣಿಯ ಮೂಗು ಸವೆದ ಕಾಸು

ಇವತ್ತು ಬೆಳಿಗ್ಗೆ ದೇವರ ಪೆಟ್ಟಿಗೆ ಒರೆಸುವಾಗ ಹಳೆಯ ತಾಮ್ರದ ಕಾಸೊಂದು ಕೈಗೆ ಸಿಕ್ಕಿತು. ಬೆರಳಿಗೆ ಹತ್ತಿದ ಅದರ ವಾಸನೆ ನನ್ನನ್ನು ನೇರ ದೇಶನೂರಿನ ಅಜ್ಜಿಯ ಪಡಸಾಲೆಗೆ ಕರೆದೊಯ್ದಿತು.

ಬಳ್ಳಾರಿಯ ಗಾಂಧಿನಗರದಲ್ಲಿದ್ದ ನಮ್ಮ ಸೋದರಮಾವನಿಗೆ ಆಗ ನಾಣ್ಯ ಕೂಡಿಸುವ ಹುಚ್ಚು. ಬೇಸಿಗೆಯಲ್ಲಿ ಊರಿಗೆ ಬಂದವನು, ಅಜ್ಜಿಗೆ ಅವಳ ಅತ್ತೆ ಕೊಟ್ಟಿದ್ದ ಬ್ರಿಟಿಷ್ ರಾಣಿಯ ಕಾಲದ ಈ ಕಾಸನ್ನು ಬಾಗಿಲ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದ.

“ಅವ್ವಾ, ಅಕ್ಷರ ಅದಾವು, ಅಂಚೂ ಚಲೋ ಐತಿ. ಆದ್ರ ರಾಣಿ ಮೂಗು ಪೂರಾ ಸವದೈತಿ. ಹಳೇ ತಾಮ್ರಕ್ಕ ಹಾಕಿಬಿಡು.”

ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು.

“ಅದು ಸವದಿದ್ದು ನಿನ್ನ ಹಣಿಮ್ಯಾಗ ಲೇ. ನೀ ಓಡೋದು, ಬೀಳೋದು, ಹಣಿ ಊದಿಸ್ಕೊಂಡು ಬರೋದು. ಇದನ್ನ ಒತ್ತಿ ತಿಕ್ಕಿದ್ರ ಊತ ಇಳೀತಿತ್ತು. ನಿಮ್ಮಪ್ಪಗೂ ನಮ್ಮತ್ತಿ ಇದನ್ನ ತಿಕ್ಕ್ಯಾಳ.”

ಮಾವ ಏನೋ ಹೇಳಲು ಹೋದ. ಅಷ್ಟರಲ್ಲಿ ಅಜ್ಜಿ ಕಾಸು ಕಸಿದುಕೊಂಡು, “ಹಿಂಗ ನೋಡು” ಎಂದು ಅವನ ಹಣೆಗೆ ಒತ್ತಿದಳು. ಎರಡು ಮಕ್ಕಳ ತಂದೆ, ದಪ್ಪ ಮೀಸೆಯ ನಮ್ಮ ಮಾವ ಕಣ್ಣು ಮುಚ್ಚಿ ಹಣೆಯೊಡ್ಡಿ ಕೂತುಬಿಟ್ಟ. ಅಜ್ಜಿ ಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ.

ಬಳ್ಳಾರಿಗೆ ಹೊರಡುವಾಗ ಮಾವ ಮೆಲ್ಲಗೆ ಕೇಳಿದ: “ಅವ್ವಾ, ಇದನ್ನ ನನಗ ಕೊಡ್ತೀಯೇನು?”

“ಕೊಡಂಗಿಲ್ಲ. ಈಕಿ ಇನ್ನಾ ಬೀಳಾಕತ್ಯಾಳ” ಎಂದು ಅಜ್ಜಿ ನನ್ನ ಕಡೆ ಕೈ ತೋರಿಸಿದಳು.

ಹಾಗೆ ನನ್ನ ಪಾಲಿಗೆ ಬಂದ ಕಾಸು ಇದು. ಈಗ ರಾಣಿಯ ಕಣ್ಣೂ ಸವೆದಿದೆ. ಅದು ನನ್ನ ಮಕ್ಕಳ ಕೆಲಸ.