ಸೊಸೆಯ ಹದಿನಾರು ಸೋಮವಾರ

ವನಗೂರಿನ ದೇವೀರಮ್ಮ ವ್ರತದ ವಿಷಯದಲ್ಲಿ ಶಿವನೇ ಬಂದು ರಿಯಾಯಿತಿ ಕೇಳಿದರೂ ಕೊಡುವವಳಲ್ಲ. ಮಗುವಾಗಲೆಂದು ಸೊಸೆ ಶೀಲಾಳಿಂದ ಹದಿನಾರು ಸೋಮವಾರ ಉಪವಾಸ ಮಾಡಿಸಿದಳು. ಸಂಜೆವರೆಗೆ ಬರೀ ಕಪ್ಪು ಕಾಫಿ ಕುಡಿದು ಶೀಲಾ ತೋಟದಲ್ಲಿ ಏಲಕ್ಕಿ ಬಿಡಿಸಿದಳು. ಕೊನೆಗೂ ಹುಟ್ಟಿದ ಹೆಣ್ಣುಮಗುವಿಗೆ ಡೌನ್ ಸಿಂಡ್ರೋಮ್ ಇತ್ತು.

“ನಾನು ಸೊಸೇನ ಉಪ್ವಾಸ ಹಾಕಿದ್ಕೆ ಹಿಂಗಾಯ್ತಾ ಡಾಕ್ಟ್ರೇ?” ದೇವೀರಮ್ಮ ಕೇಳಿದಳು.

“ವರ್ಣತಂತು ಒಂದು ಹೆಚ್ಚಾಗಿರೋದು ಯಾರ ತಪ್ಪೂ ಅಲ್ಲಮ್ಮ. ಆದ್ರೆ ಬಸಿರಾಗೋಕೆ ಮೊದ್ಲೇ ಹೆಂಗಸ್ರು ಚೆನ್ನಾಗಿ ಉಣ್ಬೇಕು, ಫೋಲಿಕ್ ಮಾತ್ರೆ ತಗೋಬೇಕು.”

ಮೊದಲ ಮಾತು ಅವಳ ಕಿವಿಗೆ ಬೀಳಲಿಲ್ಲ, ಎರಡನೆಯದು ಎದೆಗೆ ನಾಟಿತು. ಮರುದಿನ ಎಲ್ಲರಿಗಿಂತ ಮೊದಲು ಸೊಸೆಗೆ ಬಿಸಿ ಕಡುಬು, ಸೊಪ್ಪಿನ ಪಲ್ಯ ಬಡಿಸಿ, “ಉಣ್ಣವ್ವ” ಅಂದಳು.

ಮಗುವಿಗೆ ಹಾಲೂಡಿಸುತ್ತಿದ್ದ ಶೀಲಾ ತಲೆಯೆತ್ತಲಿಲ್ಲ.

“ಈಗ್ಯಾಕತ್ತೆ?” ಅಂದಳು.