ಸ್ಕ್ಯಾನಿಂಗ್ ಡಾಕ್ಟರಮ್ಮನ ಕನ್ನಡಕ

ಮೂಡುಬಿದಿರೆಯ ಆ ಸ್ಕ್ಯಾನಿಂಗ್ ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ಹೊಟ್ಟೆಗೆ ಹಚ್ಚುವ ಜೆಲ್ಲಿನ ಬಾಟಲಿಯನ್ನು ಮೊದಲು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ಸಂಶಯ ಬಂದರೆ ಕನ್ನಡಕ ತೆಗೆದು ಒರೆಸಿ, "ಇನ್ನೊಮ್ಮೆ ನೋಡುವ" ಎನ್ನುತ್ತಿದ್ದರು.

ನನ್ನ ಮಗಳ ಬಸುರಿನ ಐದನೇ ತಿಂಗಳಲ್ಲಿ ಆ ಕನ್ನಡಕ ಮತ್ತೆ ಮತ್ತೆ ಕೆಳಗಿಳಿಯಿತು.

"ಮಗುವಿನ ಎಡಗಡೆಯ ಕಿಡ್ನಿ ಅದರ ಜಾಗದಲ್ಲಿ ಕಾಣುವುದಿಲ್ಲ ಅಮ್ಮ."

ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು. ಏಳನೇ ತಿಂಗಳಿಗೆ ಬಸುರಿಗೆ ಹೂ ಮುಡಿಸುವುದು ನಮ್ಮ ಕ್ರಮ. "ಹಾಗಾದರೆ ಹೂ ಮುಡಿಸುವುದು ಬೇಡವಾ?" ಎಂದು ಕೇಳಿಬಿಟ್ಟೆ.

ಡಾಕ್ಟರಮ್ಮ ಮಗಳನ್ನು ಸ್ವಲ್ಪ ನಡೆದಾಡಿಸಿ, ಮಗು ಮಗ್ಗುಲು ಬದಲಿಸಿದ ಮೇಲೆ ಪುನಃ ಹುಡುಕಿದರು.

"ಇಲ್ಲಿ ಉಂಟಲ್ಲ ಮಾರಾಯ್ತಿ! ಕೆಳಗೆ ಸೊಂಟದ ಹತ್ತಿರ ಹೋಗಿ ಕೂತಿದೆ. ಹೆಚ್ಚಿನವರಿಗೆ ಇದರಿಂದ ತೊಂದರೆ ಆಗುವುದಿಲ್ಲ. ಹುಟ್ಟಿದ ಮೇಲೆ ಇನ್ನೊಮ್ಮೆ ನೋಡುವ. ನೀವು ಹೂ ಮುಡಿಸಿ."

ಮುಡಿಸಿದೆವು. ಆದರೆ ಆ ದಿನ ನನಗೆ ಅನ್ನ ಸೇರಲಿಲ್ಲ.

ಹುಟ್ಟಿದ ದಿನವೇ ಮೊಮ್ಮಗಳು ಉಚ್ಚೆ ಹೊಯ್ದು ನನ್ನ ಸೀರೆಯನ್ನು ಚೆನ್ನಾಗಿ ಒದ್ದೆ ಮಾಡಿದಳು. ನನಗೆ ಸ್ವರ್ಗ ಸಿಕ್ಕಿದ ಹಾಗಾಯಿತು. ಒದ್ದೆ ಸೆರಗು ಹಿಡಿದುಕೊಂಡು ಅದೇ ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮನ ಕೋಣೆಗೆ ಓಡಿದೆ. ಅವರು ಮುಟ್ಟಿ ನೋಡಿ ನಕ್ಕರು.

"ಕಿಡ್ನಿಯನ್ನು ಆಮೇಲೆ ನೋಡುವ; ಈ ಸೆರಗನ್ನು ಇನ್ನೊಮ್ಮೆ ನೋಡುವುದು ಬೇಡ ಅಮ್ಮ" ಎಂದು ಕನ್ನಡಕ ತೆಗೆದರು. ಈ ಸಲ ಒರೆಸಿದ್ದು ಕಣ್ಣನ್ನು.