ಅಪ್ಪ ಬೆಟ್ ಕಟ್ಟಿದ್ದು ಆಟಗಾರನ ಮೇಲಲ್ಲ

"ಆ ಬ್ಯಾಗ್ ಹಿಡ್ಕೊಂಡವ್ನಲ್ಲ, ಅವನ್ ಹೆಸರೇನವ್ವ? ನನ್ ಬೆಟ್ ಅವನ್ ಮೇಲೆ" ಅಂದರು ಅಪ್ಪ.

ನಾವು ಕೂತಿದ್ದದ್ದು ನನ್ನ ಮ್ಯಾನೇಜರ್ ರುಬೆನ್ ಮನೆಯ ಸೋಫಾದ ಮೇಲೆ. ಅಪ್ಪನ ಕನ್ನಡವನ್ನು ಇಂಗ್ಲಿಷ್ ಮಾಡಿ ಎಲ್ಲರಿಗೂ ಹೇಳಬೇಕಾದವಳು ನಾನು.

"ಅಪ್ಪ ಈ ಆಟಗಾರನನ್ನು ಆರಿಸಿದ್ದಾರೆ" ಎಂದು ಹೇಳಿ ಬಟಾಣಿ ಸೂಪಿನ ಬಟ್ಟಲಿಗೆ ತಲೆ ತಗ್ಗಿಸಿದೆ.

ಸುಳ್ಳಲ್ಲ, ಅರ್ಧ ಸತ್ಯ. ಅದರಲ್ಲಿ ನಂದು ಎತ್ತಿದ ಕೈ.

ಇದೆಲ್ಲ ಶುರುವಾದದ್ದು ಡಚ್ಚರ ನಾಡಿನ ಆಮರ್ಸ್‌ಫೋರ್ಟ್‌ನ ನಮ್ಮ ಆಫೀಸಿನ ಲಂಚ್ ಟೇಬಲ್‌ನಲ್ಲಿ. ಗಾಲ್ಫ್ ಸೀಸನ್ನಿನ ಕೊನೆಯ ಟೂರ್ನಮೆಂಟ್ ಬರುತ್ತಿತ್ತು, ರುಬೆನ್ ಬೆಟ್ಟಿಂಗ್ ಪೂಲ್ ಶುರುಮಾಡಿದ್ದ. ಒಬ್ಬೊಬ್ಬರು ಒಬ್ಬ ಆಟಗಾರನ ಹೆಸರು ಬರೆಯಬೇಕು. ಗೆದ್ದವರನ್ನು ರುಬೆನ್‌ನ ತಾಯಿ ಎಲ್ಸ್ ತಮ್ಮ ಗಾಲ್ಫ್ ಕ್ಲಬ್ಬಿಗೆ ಅತಿಥಿಯಾಗಿ ಕರೆದೊಯ್ಯುತ್ತಾರೆ. ಎಲ್ಸ್ ಅವರೇ ಗೆದ್ದರೆ ಅವರಿಗೆ ಬೇಕಾದವರನ್ನು.

"ನಮ್ಮಪ್ಪ ಮೈಸೂರಲ್ಲಿ ಮೂವತ್ತೊಂದು ವರ್ಷ ಗಾಲ್ಫ್ ಕ್ಲಬ್ಬಿನಲ್ಲಿದ್ದರು" ಅಂದುಬಿಟ್ಟೆ.

ರುಬೆನ್ ಕಣ್ಣರಳಿಸಿದ. ಎಂಥಾ ಆಟಗಾರ, ಈಗಲೂ ಆಡುತ್ತಾರಾ ಎಂದೆಲ್ಲ ಕೇಳಿದ. "ಈಗ ಬಿಟ್ಟಿದ್ದಾರೆ" ಅಂದೆ... ಅಯ್ಯೋ ನನ್ನ ನಾಲಿಗೆಯೇ!

ಅಪ್ಪ ಅಲ್ಲಿ ಕ್ಯಾಡಿ. ಆಡುವವರ ಬ್ಯಾಗ್ ಹೊತ್ತು ಅವರ ಹಿಂದೆ ನಡೆದು, ಚೆಂಡು ಯಾವ ಕಡೆ ತಿರುಗುತ್ತದೆ ಎಂದು ಹೇಳುವ ಕೆಲಸ. ಆ ಬ್ಯಾಗಿನಿಂದಲೇ ನನ್ನ ಇಂಜಿನಿಯರಿಂಗ್ ಆದದ್ದು. ಮೂರು ತಿಂಗಳಿಗೆಂದು ನಮ್ಮ ಮನೆಗೆ ಬಂದಿದ್ದ ಅವರನ್ನು, ಮಾಜಿ ಆಟಗಾರ ಎಂದುಕೊಂಡು ರುಬೆನ್ ಫೈನಲ್ ನೋಡಲು ಕರೆದೇಬಿಟ್ಟ.

ಹೊರಗೆ ಮಧ್ಯಾಹ್ನವಾದರೂ ಬಿಳೀ ಮಂಜು. ಕಿಟಕಿಯಾಚೆ ಕಾಲುವೆ ಇದೆಯೋ ಇಲ್ಲವೋ ಎನ್ನುವ ಹಾಗೆ. ಟಿವಿಯಲ್ಲಿ ಮಾತ್ರ ಮರಳುಗಾಡಿನ ಯಾವುದೋ ಊರು, ಬಿಸಿಲು, ನಂಬಲಾಗದಷ್ಟು ಹಸಿರು ಹುಲ್ಲು.

ಅಪ್ಪ ಆ ಹಸಿರಿನೊಳಕ್ಕೇ ಹೋಗಿಬಿಟ್ಟಿದ್ದರು. ಚೆಂಡನ್ನು ನೋಡುತ್ತಲೇ ಇರಲಿಲ್ಲ. ಕ್ಯಾಡಿ ಎಲ್ಲಿ ನಿಂತ, ಬ್ಯಾಗನ್ನು ಸದ್ದಿಲ್ಲದೆ ಹೇಗೆ ಇಳಿಸಿದ, ಅವನ ನೆರಳು ಎಲ್ಲಿ ಬಿತ್ತು... ಅವರ ಬಲಭುಜ ತಾನಾಗಿಯೇ ಸ್ವಲ್ಪ ಇಳಿದಿತ್ತು.

ಕೊನೆಯ ಕುಳಿ. ಅಪ್ಪನ ಆಟಗಾರ ಈ ಒಂದು ಚೆಂಡನ್ನು ಕುಳಿಗೆ ಹಾಕಿದರೆ ಗೆದ್ದ. ತಪ್ಪಿದರೆ ಪಕ್ಕದಲ್ಲೇ ಕೂತಿದ್ದ ಎಲ್ಸ್ ಬರೆದ ಆಟಗಾರ ಗೆದ್ದ ಹಾಗೆ.

ಕ್ಯಾಡಿ ಮಂಡಿಯೂರಿ ನೋಡಿ, ಕುಳಿಯ ಎಡಕ್ಕೆ ಬೆರಳು ತೋರಿಸುತ್ತಾನೆ. ಆಟಗಾರ ತಲೆ ಅಲ್ಲಾಡಿಸಿ ನೇರಕ್ಕೆ ನಿಲ್ಲುತ್ತಾನೆ.

"ನೋ ಸರ್! ಲೆಫ್ಟ್ ಎಡ್ಜ್ ಸರ್! ಸ್ಲೋ, ಸರ್!"

ಇಡೀ ಕೋಣೆ ತಿರುಗಿ ನೋಡಿತು. ಅಪ್ಪ ಎದ್ದು ನಿಂತಿದ್ದರು. ಅಷ್ಟು ಇಂಗ್ಲಿಷ್ ಅವರ ಬಾಯಲ್ಲಿ ನಾನೂ ಕೇಳಿರಲಿಲ್ಲ.

ಚೆಂಡು ನೇರಕ್ಕೆ ಹೊರಟಿತು, ಕೊನೆಯ ಗೇಣಿನಲ್ಲಿ ಬಲಕ್ಕೆ ಜಾರಿ, ಕುಳಿಯ ಅಂಚನ್ನು ಸವರಿಕೊಂಡು ಮುಂದೆ ಹೋಯಿತು.

ಎಲ್ಸ್ ಗೆದ್ದಿದ್ದರು. ಆದರೆ ಅವರು ನೋಡುತ್ತಿದ್ದದ್ದು ಅಪ್ಪನನ್ನು. "ನಿಮಗೆ ಹೇಗೆ ಗೊತ್ತಾಯಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಬಾಯಿ ತೆರೆದೆ. ಇನ್ನೊಂದು ಅರ್ಧ ಸತ್ಯ ನಾಲಿಗೆಯ ತುದಿಗೆ ಬಂದಿತ್ತು.

"ಐ ಕ್ಯಾಡಿ, ಮೇಡಂ" ಅಂದರು ಅಪ್ಪ. "ಥರ್ಟಿ ಒನ್ ಇಯರ್ಸ್." ಹೆಸರು ಹೇಳಿದಷ್ಟೇ ಸಲೀಸಾಗಿ.

ರುಬೆನ್ ನನ್ನ ಕಡೆ ನೋಡಿದ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅಪ್ಪ ಕ್ಯಾಡಿ ಎಂದಲ್ಲ... ಅದನ್ನು ನಾನು ಮುಚ್ಚಿಟ್ಟಿದ್ದೆ ಎಂದು ಅಪ್ಪನಿಗೂ ಈಗ ಗೊತ್ತಾಗುತ್ತದಲ್ಲ ಎಂದು.

ಎಲ್ಸ್ ಸೂಪಿನ ಬಟ್ಟಲು ಕೆಳಗಿಟ್ಟರು. "ಹಾಗಾದರೆ ನನ್ನ ಅತಿಥಿ ಯಾರು ಅಂತ ಗೊತ್ತಾಯಿತು" ಅಂದರು.

ಮನೆಗೆ ಬರುವಾಗ ಟ್ರೇನಿನಲ್ಲಿ ಅಪ್ಪ ಒಂದೇ ಮಾತು ಕೇಳಿದರು. "ಅವ್ರು ನನ್ನನ್ನ ಆಡೋ ಮೆಂಬರ್ ಅನ್ಕೊಂಡಿದ್ರಾ?"

"ಹ್ಞೂಂ ಅಪ್ಪ. ಈಗ ಆಟ ಬಿಟ್ಟಿದ್ದಾರೆ ಅಂದ್ಬಿಟ್ಟಿದ್ದೆ. ನಂದೇ ತಪ್ಪು."

ಅವರು ಕಿಟಕಿಯ ಕಡೆ ತಿರುಗಿ ನಕ್ಕರು. "ಒಳ್ಳೆ ಹುಡ್ಗಿ ಕಣವ್ವ ನೀನು. ಒಂದಿನಾನೂ ಆಡ್ಸಿಲ್ಲ, ಸೀದಾ ರಿಟೈರ್ ಮಾಡ್ಬಿಟ್ಟೆ."

ನಾನೂ ನಕ್ಕೆ.

ಹೋದ ಶನಿವಾರ ಕ್ಲಬ್ಬಿಗೆ ಹೋದೆವು. ಅಂದೂ ಮಂಜು, ದೂರದಲ್ಲೆಲ್ಲೋ ಬಾತುಕೋಳಿಗಳ ಸದ್ದು. ಎಲ್ಸ್ ಕಾರಿನ ಡಿಕ್ಕಿ ತೆಗೆದದ್ದೇ ತಡ, ಅಪ್ಪ ಬಗ್ಗಿ ಬ್ಯಾಗಿಗೆ ಭುಜ ಕೊಟ್ಟರು.

"ನೇ, ನೇ!" ಎಂದು ಕೈಯಾಡಿಸಿ ಬೇಡವೆಂದ ಎಲ್ಸ್ ಬ್ಯಾಗನ್ನು ಎರಡು ಗಾಲಿಯ ಟ್ರಾಲಿಗೆ ಕಟ್ಟಿ ತಾವೇ ಎಳೆದುಕೊಂಡು ಹೊರಟರು. ಇಲ್ಲಿ ಎಪ್ಪತ್ತು ದಾಟಿದವರೂ ಅವರವರ ಬ್ಯಾಗನ್ನು ಅವರವರೇ ಎಳೆಯುತ್ತಾರೆ.

ಅಪ್ಪ ಕೈ ಎಲ್ಲಿಡುವುದೆಂದು ತಿಳಿಯದೆ ನಿಂತರು. ಆಮೇಲೆ ಮೆಲ್ಲಗೆ ಬೆನ್ನ ಹಿಂದೆ ಕಟ್ಟಿಕೊಂಡರು, ಮೈಸೂರಿನಲ್ಲಿ ಮೆಂಬರುಗಳು ನಡೆಯುತ್ತಿದ್ದ ಹಾಗೆ.

ಈ ದೇಶದಲ್ಲಿ ಕೋರ್ಸಿನ ಮೇಲೆ ಆಡಬೇಕಾದರೂ ಸರ್ಟಿಫಿಕೇಟ್ ಬೇಕು. ಹಾಗಾಗಿ ಎಲ್ಸ್ ಅಪ್ಪನನ್ನು ಪ್ರಾಕ್ಟೀಸ್ ಜಾಗದಲ್ಲಿ ನಿಲ್ಲಿಸಿ, ಚೆಂಡನ್ನು ಕುಳಿಗೆ ಉರುಳಿಸುವ ತಮ್ಮ ಪಟರ್ ಕೋಲು ಕೊಟ್ಟರು.

ಅಪ್ಪ ಕೂತು ಹುಲ್ಲನ್ನು ಅಂಗೈಯಿಂದ ಸವರಿದರು. "ಲೆಫ್ಟ್ ಎಡ್ಜ್ ಸರ್" ಎಂದು ತಮಗೆ ತಾವೇ ಹೇಳಿಕೊಂಡರು.

ಚೆಂಡು ಇಬ್ಬನಿಯಲ್ಲಿ ಗೆರೆ ಎಳೆಯುತ್ತಾ ಹೋಗುತ್ತದೆ, ಹೋಗುತ್ತಲೇ ಇರುತ್ತದೆ... ಟಳಕ್.

ಅಪ್ಪ ಕುಳಿಯ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಪಟರನ್ನೇ ತೂಗಿ ನೋಡುತ್ತಿದ್ದರು. "ಒಂದೇ ಒಂದ್ ಕೋಲಾದ್ರೆ ಎಷ್ಟ್ ಹಗುರ ಅಲ್ವೇನವ್ವ!"

ಸೋಮವಾರ ಲಂಚ್‌ನಲ್ಲಿ ಹೊಸ ಹುಡುಗಿಯೊಬ್ಬಳು ನಿನ್ನ ತಂದೆ ಏನು ಮಾಡುತ್ತಿದ್ದರು ಎಂದು ಕೇಳಿದಳು. ಈ ಸಲ ವಾಕ್ಯವನ್ನು ಪೂರ್ತಿ ಹೇಳಿದೆ.

ನಿಮ್ಮ ಅಪ್ಪನ ಬಗೆಗಿನ ವಾಕ್ಯವನ್ನು ನೀವು ಎಲ್ಲಿಗೆ ನಿಲ್ಲಿಸುತ್ತೀರಿ?